ಬಿಸಿಲಿಗಿಂತ ಮೊದಲು ಬೇರು: ವಿಜಯಪುರದ ಹಿತ್ತಲಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕೆಲಸಗಳು

ಪಂಚಾಂಗದ ಪ್ರಕಾರ ವಸಂತ ಋತುವೆಂದರೆ ಚೈತ್ರ ಮತ್ತು ವೈಶಾಖ. ಅಂದರೆ ಹೆಚ್ಚು ಕಡಿಮೆ ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ. ವಿಜಯಪುರದಲ್ಲಿ ಇದೇ ಅವಧಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಎರೆಮಣ್ಣು ಬಾಯಿ ಬಿಡುತ್ತದೆ, ಬಾವಿಯ ನೀರು ತಳ ಕಾಣುತ್ತದೆ. ಯುಗಾದಿಗೆ ಬೇವು ಚಿಗುರಿ ಹೂ ಬಿಡುವುದನ್ನೂ ಮಾವು ಕಾಯಿ ಕಟ್ಟುವುದನ್ನೂ ನೋಡಿ, ನಮ್ಮ ಹಿತ್ತಲಿನಲ್ಲೂ ಆಗಲೇ ಗಿಡ ನೆಡಬೇಕೆಂದು ಹೊಸಬರಿಗೆ ಅನಿಸುವುದು ಸಹಜ. ಆದರೆ ಬೇವು, ಮಾವು ಆ ಬಿಸಿಲಿನಲ್ಲಿ ನಗುವುದು ಅವುಗಳ ಬೇರು ಆಳಕ್ಕೆ ಇಳಿದಿರುವುದರಿಂದ. ಮೊನ್ನೆ ನೆಟ್ಟ ಗೇಣುದ್ದದ ಸಸಿಗೆ ಆ ಅನುಕೂಲವಿಲ್ಲ.

ಇದನ್ನು ನಾನು ಕಲಿತದ್ದು ಇಪ್ಪತ್ತು ಟೊಮೆಟೊ ಸಸಿಗಳನ್ನು ಕಳೆದುಕೊಂಡ ಮೇಲೆ. ಮೊದಲ ವರ್ಷ ಯುಗಾದಿಯ ವಾರದಲ್ಲಿಯೇ ಉತ್ಸಾಹದಿಂದ ಅವುಗಳನ್ನು ನೆಟ್ಟಿದ್ದೆ. ಅರ್ಧ ಸಸಿಗಳು ಹದಿನೈದು ದಿನದೊಳಗೆ ಬಾಡಿದವು, ಉಳಿದವು ಎಲೆ ಮುದುಡಿಕೊಂಡು, ಬಿಟ್ಟ ಹೂವನ್ನೆಲ್ಲ ಉದುರಿಸಿ ನಿಂತವು. ಬಿಸಿಲು ಬಂದೇ ಬರುತ್ತದೆ, ಅದು ಬರುವುದರೊಳಗೆ ಬೇರು ಇಳಿದಿರಬೇಕು ಎಂದು ಪಕ್ಕದ ಮನೆಯ ಕಾಕಾ ಆಗ ಹೇಳಿದ್ದರು. ಈ ಬರಹದ ಎಲ್ಲ ಹಂತಗಳೂ ಆ ಒಂದು ಮಾತಿನ ವಿವರಣೆಯೇ ಆಗಿವೆ. ನಮ್ಮಲ್ಲಿ ವಸಂತದ ಸಿದ್ಧತೆಯೆಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಎರಡೂವರೆ ತಿಂಗಳಲ್ಲಿ ಮಣ್ಣು, ಬೇರು, ನೆರಳು, ನೀರು ಇವನ್ನು ಒಂದು ಕ್ರಮದಲ್ಲಿ ಅಣಿ ಮಾಡಿಕೊಳ್ಳುವುದು.

ಬಾಗಲಕೋಟೆಯವರಿಗೆ ಈ ಕ್ರಮ ಬಹುತೇಕ ಹಾಗೆಯೇ ಹೊಂದುತ್ತದೆ. ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ಚಳಿ ತಡವಾಗಿ ಬಿಡುತ್ತದೆ, ಬೇಸಿಗೆ ಮೃದುವಾಗಿರುತ್ತದೆ, ಅಡ್ಡಮಳೆಯೂ ಹೆಚ್ಚು. ಅಲ್ಲಿನವರು ಬಿತ್ತನೆಯ ದಿನಗಳನ್ನು ಎರಡು ವಾರ ಮುಂದಕ್ಕೆ ಹಾಕಿಕೊಳ್ಳಬಹುದು.

ಮೊದಲು ಬಿಸಿಲನ್ನು ಓದಿ

ಸಂಕ್ರಾಂತಿಯ ವಾರದಲ್ಲಿ ಗುದ್ದಲಿ ಹಿಡಿಯುವ ಮೊದಲು ಒಂದು ದಿನವನ್ನು ಹಿತ್ತಲಿನ ನೆರಳು ನೋಡುವುದಕ್ಕೆ ಮೀಸಲಿಡಿ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ನಾಲ್ಕಕ್ಕೆ ನೆರಳಿನ ಅಂಚನ್ನು ಸುಣ್ಣದ ಪುಡಿಯಿಂದ ಗುರುತು ಮಾಡಿ. ಆದರೆ ಜನವರಿಯ ನೆರಳನ್ನು ನಂಬಿ ಜಾಗ ಗೊತ್ತು ಮಾಡಬೇಡಿ. ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಂಕ್ರಾಂತಿಯ ಹೊತ್ತಿಗೆ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹತ್ತು ಅಡಿ ಎತ್ತರದ ಗೋಡೆಯ ಉತ್ತರಕ್ಕೆ ಸುಮಾರು ಎಂಟು ಅಡಿ ನೆರಳು ಬೀಳುತ್ತದೆ. ಮಾರ್ಚ್ ಮೂರನೆಯ ವಾರಕ್ಕೆ ಅದು ಮೂರು ಅಡಿಗೆ ಕುಗ್ಗುತ್ತದೆ, ಮೇ ಮೊದಲ ವಾರ ಕಳೆಯುವಾಗ ಸೂರ್ಯ ನೆತ್ತಿಯ ಮೇಲೆ ಬಂದು ಅಲ್ಲಿ ನೆರಳೇ ಉಳಿಯುವುದಿಲ್ಲ. ಗೋಡೆಯ ಉತ್ತರದ ಮಗ್ಗುಲು ತಂಪು ಜಾಗವೆಂದು ತಿಳಿದು ಕೊತಂಬರಿ ಹಾಕಿದವರು ಏಪ್ರಿಲಿನಲ್ಲಿ ಪೇಚಾಡುವುದು ಇದರಿಂದಲೇ.

ಬೇಸಿಗೆಗೆ ಒಳ್ಳೆಯ ಜಾಗವೆಂದರೆ ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಎರಡರ ನಂತರ ನೆರಳಾಗುವ ಜಾಗ, ಅಂದರೆ ಗೋಡೆಯ ಅಥವಾ ದೊಡ್ಡ ಮರದ ಪೂರ್ವದ ಬದಿ. ಗೋಡೆಯ ಪಶ್ಚಿಮದ ಬದಿಗೆ ಅಂಟಿಕೊಂಡ ಮಣ್ಣು ಗೋಡೆ ಕುಡಿದ ಕಾವನ್ನು ರಾತ್ರಿಯವರೆಗೂ ಅನುಭವಿಸುತ್ತದೆ, ಅಲ್ಲಿ ಬಳ್ಳಿ ಹಬ್ಬಿಸಿ ಗೋಡೆಯನ್ನೇ ಮುಚ್ಚುವುದು ಲೇಸು.

ಮಣ್ಣು: ಗುರುತು, ಹದ, ಗೊಬ್ಬರ

ಹೊಸಬರು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ನಿಮ್ಮ ಹಿತ್ತಲಿನ ಮಣ್ಣು ಕಪ್ಪು ಎರೆಯೋ ಕೆಂಪು ಮಸಾರಿಯೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ಆದರೆ ಮನೆ ಕಟ್ಟುವಾಗ ತಂದು ಸುರಿದ ಗರಸು, ಸಿಮೆಂಟಿನ ಪುಡಿ, ಇಟ್ಟಿಗೆಯ ಚೂರು ಬೆರೆತಿದ್ದರೆ ಗುರುತು ಸಿಗುವುದು ಕಷ್ಟ. ಒಂದು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು ತುಂಬಿ, ಉಳಿದದ್ದಕ್ಕೆ ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ನಯವಾದ ಮಣ್ಣು ಒಂದೆರಡು ಗಂಟೆಯಲ್ಲಿ, ಜಿಗುಟಾದ ಎರೆಯ ಕಣಗಳು ಇಳಿಯಲು ಒಂದು ದಿನಕ್ಕೂ ಹೆಚ್ಚು ಬೇಕಾಗುತ್ತದೆ. ಮೇಲಿನ ಪದರ ಅರ್ಧಕ್ಕಿಂತ ಹೆಚ್ಚಿದ್ದರೆ ನಿಮ್ಮದು ಗಟ್ಟಿ ಎರೆ ಎಂದು ತಿಳಿಯಿರಿ.

ಎರಡನೆಯ ಪರೀಕ್ಷೆಗೆ ಬೇಕಾದದ್ದು ಒಂದು ಹೋಳು ನಿಂಬೆಹಣ್ಣು, ಇಂಡಿ ತಾಲ್ಲೂಕಿನ ನಿಂಬೆಗೆ ಹೆಸರಾದ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಒಣಗಿದ ಮಣ್ಣಿನ ಹೆಂಟೆಯ ಮೇಲೆ ರಸ ಹಿಂಡಿದಾಗ ಸಣ್ಣ ಗುಳ್ಳೆಗಳು ಎದ್ದರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದೆ ಎಂದರ್ಥ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಹಾಗಾಗಿ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗುಲಾಬಿ, ನಿಂಬೆ, ದಾಸವಾಳಗಳಲ್ಲಿ ಇದು ಎದ್ದು ಕಾಣುತ್ತದೆ. ನೀರು ಸಾಲದ್ದಕ್ಕೆ ಹಳದಿಯಾಗಿದೆ ಎಂದು ಭಾವಿಸಿ ಮತ್ತಷ್ಟು ನೀರು ಹಾಕಿದರೆ ತೊಂದರೆ ಹೆಚ್ಚುತ್ತದೆ.

ಇದರಿಂದ ಹೊರಡುವ ಒಂದು ಮುಖ್ಯ ಎಚ್ಚರಿಕೆಯಿದೆ. ಒಲೆಯ ಬೂದಿ ಗಿಡಕ್ಕೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಖಾನಾಪುರದ ಕಡೆಯ ಹುಳಿ ಗುಣದ ಕೆಂಪು ಮಣ್ಣಿಗೆ ಅದು ನಿಜ. ಈಗಾಗಲೇ ಸುಣ್ಣ ತುಂಬಿರುವ ವಿಜಯಪುರದ ಎರೆಗೆ ಬುಟ್ಟಿಗಟ್ಟಲೆ ಬೂದಿ ಸುರಿದರೆ ಆ ದೋಷವನ್ನೇ ಹೆಚ್ಚಿಸಿದಂತೆ. ಬೂದಿಯನ್ನು ಎಲೆಯ ಮೇಲಿನ ಹುಳಕ್ಕೆ ಚಿಟಿಕೆಯಷ್ಟು ಉದುರಿಸಲು ಇಟ್ಟುಕೊಳ್ಳಿ, ಮಣ್ಣಿಗೆ ಬೆರೆಸಬೇಡಿ. ಕೃಷ್ಣಾ, ಘಟಪ್ರಭಾ ಕಾಲುವೆಗಳ ಕೆಳಗಿನ ಊರುಗಳಲ್ಲಿ ಸವಳು-ಜವಳಿನ (ಉಪ್ಪೇರಿ, ನೀರು ನಿಂತು ಮಣ್ಣು ಕೆಡುವ) ಬಾಧೆಯೂ ಉಂಟು. ಮಣ್ಣು ಒಣಗಿದಾಗ ಮೇಲೆ ಬಿಳಿ ಪುಡಿ ಕಾಣಿಸಿದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದ ನಂತರವೇ ಜಿಪ್ಸಂ ಹಾಕುವ ಮಾತು. ವಿಜಯಪುರದವರಿಗೆ ಹಿಟ್ಟಿನಹಳ್ಳಿಯ ಕೇಂದ್ರವಿದೆ, ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ, ಗೋಕಾಕ ತಾಲ್ಲೂಕಿನ ಸುತ್ತಲಿನವರಿಗೆ ಅರಭಾವಿಯ ತೋಟಗಾರಿಕೆ ಕಾಲೇಜು ಹತ್ತಿರ.

ಇನ್ನು ಅಗೆಯುವ ಕೆಲಸ. ಎರೆಮಣ್ಣು ಹಸಿಯಿದ್ದಾಗ ಅಗೆದರೆ ಗುದ್ದಲಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಕಲ್ಲಿನಂತಹ ಹೆಂಟೆಯಾಗುತ್ತದೆ. ಪೂರ್ತಿ ಒಣಗಿದ್ದಾಗ ಗುದ್ದಲಿಯೇ ಇಳಿಯುವುದಿಲ್ಲ. ಎರಡರ ನಡುವೆ ಒಂದು ಹದವಿದೆ. ಜಾಗವನ್ನು ಚೆನ್ನಾಗಿ ನೆನೆಸಿ ಮೂರು ನಾಲ್ಕು ದಿನ ಬಿಟ್ಟು, ಒಂದು ಗೇಣು ಕೆಳಗಿನ ಮಣ್ಣನ್ನು ಹಿಡಿಯಲ್ಲಿ ಉಂಡೆ ಕಟ್ಟಿ ಬೆರಳಿನಿಂದ ಒತ್ತಿರಿ. ಉಂಡೆ ಒಡೆದು ಕಾಳುಕಾಳಾಗಿ ಉದುರಿದರೆ ಅದೇ ಹದ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಎರಡು ದಿನ ಕಾಯಬೇಕು. ಹದ ಸಿಕ್ಕಿದ ದಿನ ಉಳಿದ ಕೆಲಸ ಬಿಟ್ಟು ಒಂದು ಅಡಿ ಆಳಕ್ಕೆ ಅಗೆದು, ಎಂಟು ದಿನ ಬಿಸಿಲಿಗೆ ಬಿಡಿ. ಅಗೆದಾಗ ಸಿಗುವ ಕರಿಕೆಯ ಬೇರನ್ನೂ ಜೇಕಿನ ಗಡ್ಡೆಯನ್ನೂ ಒಂದೂ ಬಿಡದೆ ಆರಿಸಿ ತೆಗೆಯಬೇಕು. ಈ ಕೆಲಸದಲ್ಲಿ ಸೋಮಾರಿತನ ತೋರಿದರೆ ಅದರ ಬಡ್ಡಿಯನ್ನು ಮಳೆಗಾಲದುದ್ದಕ್ಕೂ ಕಟ್ಟಬೇಕಾಗುತ್ತದೆ.

ಗೊಬ್ಬರದ ಪ್ರಮಾಣ ಚದರ ಮೀಟರಿಗೆ ಎರಡರಿಂದ ಎರಡೂವರೆ ಕಿಲೊ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಅಥವಾ ಅದರ ಅರ್ಧದಷ್ಟು ಎರೆಹುಳು ಗೊಬ್ಬರ. ಇಲ್ಲಿ ಒತ್ತು ಕೊಡಬೇಕಾದ ಪದ ‘ಕೊಳೆತ’. ತಿಪ್ಪೆಯ ಒಳಗೆ ಕೈ ಇಟ್ಟರೆ ಬಿಸಿ ಹತ್ತಬಾರದು, ಸಗಣಿಯ ವಾಸನೆ ಬರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅರೆ ಕೊಳೆತ ಗೊಬ್ಬರ ಗೊಣ್ಣೆಹುಳುವನ್ನೂ ಗೆದ್ದಲನ್ನೂ ಕರೆತರುತ್ತದೆ, ಎಳೆಯ ಬೇರನ್ನು ಸುಡುತ್ತದೆ. ಕುರಿಗೊಬ್ಬರ ಸಿಕ್ಕರೆ ಬಿಡಬೇಡಿ, ಆದರೆ ಅದು ತೀಕ್ಷ್ಣ, ಆದ್ದರಿಂದ ನೀರು ಚಿಮುಕಿಸಿ ಒಂದೆರಡು ತಿಂಗಳು ಮುಚ್ಚಿಟ್ಟು ಹಳೆಯದಾದ ಮೇಲೆ ಬಳಸಬೇಕು. ಚದರ ಮೀಟರಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಗೆದ್ದಲಿನ ಕಾಟ ಕಡಿಮೆಯಾಗುತ್ತದೆ.

ಮಡಿಯ ಆಕಾರದ ಬಗ್ಗೆ ನನ್ನದು ಖಚಿತವಾದ ಅಭಿಪ್ರಾಯ. ಈಗ ಎಲ್ಲೆಡೆ ಇಟ್ಟಿಗೆ, ಹಲಗೆ ಜೋಡಿಸಿ ಎತ್ತರದ ಮಡಿ ಕಟ್ಟುವುದು ರೂಢಿಯಾಗಿದೆ. ನೀರು ನಿಲ್ಲುವ ಮಳೆಗಾಲಕ್ಕೆ, ಅದರಲ್ಲೂ ಎರೆಮಣ್ಣಿಗೆ, ಅದು ತಕ್ಕದ್ದೇ. ಆದರೆ ನಮ್ಮ ಬೇಸಿಗೆಯಲ್ಲಿ ಎತ್ತರದ ಮಡಿಗೆ ನಾಲ್ಕೂ ಬದಿಯಿಂದ ಬಿಸಿಗಾಳಿ ಬಡಿದು, ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇಲ್ಲವಾಗುತ್ತದೆ. ಈ ಕಾಲಕ್ಕೆ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾದ, ಸುತ್ತ ಸಣ್ಣ ಬದು ಇರುವ ಮಡಿಯೇ ಸರಿ. ಅಗಲ ನಾಲ್ಕು ಅಡಿ ಮೀರದಿರಲಿ, ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ಗಿಡ ಸಿಗಬೇಕು, ಮಡಿಯೊಳಗೆ ಕಾಲಿಡುವ ಪ್ರಸಂಗ ಬರಬಾರದು. ಮುಂದೆ ರೋಹಿಣಿ ಮಳೆಯ ಹೊತ್ತಿಗೆ ಅದೇ ಮಡಿಗೆ ಮಣ್ಣು ಏರಿಸಿ ಎತ್ತರ ಮಾಡಿಕೊಂಡರಾಯಿತು.

ಕತ್ತರಿ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಜನವರಿಯ ಕೊನೆಯೊಳಗೆ ದುಂಡುಮಲ್ಲಿಗೆಯ ಕೆಲಸ ಮುಗಿಯಬೇಕು. ಎರಡು ವಾರ ನೀರು ನಿಲ್ಲಿಸಿ, ಗಿಡ ಸ್ವಲ್ಪ ಸೊರಗಿದ ಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಎಲ್ಲ ಕೊಂಬೆಗಳನ್ನೂ ಕತ್ತರಿಸಿ, ಉಳಿದ ಎಲೆಗಳನ್ನು ಕೈಯಿಂದ ತೆಗೆದು, ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಹರಿಸಬೇಕು. ಹೊಸಬರ ಕೈ ಇಲ್ಲಿ ನಡುಗುತ್ತದೆ, ಹಸಿರು ಗಿಡವನ್ನು ಬೋಳು ಮಾಡಲು ಮನಸ್ಸು ಬರುವುದಿಲ್ಲ. ಆದರೆ ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮಾರ್ಚ್ ಕೊನೆಯ ಸಂಜೆಗಳಲ್ಲಿ ಮೊಗ್ಗು ಬೇಕೆಂದರೆ ಈಗ ಕತ್ತರಿಸಲೇಬೇಕು. ಕರಿಬೇವು ಮತ್ತು ದಾಸವಾಳವನ್ನೂ ಫೆಬ್ರವರಿಯಲ್ಲಿ ಮೂರನೆಯ ಒಂದು ಭಾಗದಷ್ಟು ಕತ್ತರಿಸಿದರೆ ಗಿಡ ಪೊದೆಯಾಗುತ್ತದೆ. ಗುಲಾಬಿಯ ಬಲವಾದ ಕತ್ತರಿಕೆ ಮಳೆ ಮುಗಿದ ಅಕ್ಟೋಬರಿನ ಕೆಲಸ, ಈಗ ಒಣ ಕಡ್ಡಿ, ಬಾಡಿದ ಹೂವು, ಕಸಿಯ ಗಂಟಿನ ಕೆಳಗಿನಿಂದ ಬಂದ ಕುಡಿ ಇಷ್ಟನ್ನೇ ತೆಗೆಯಿರಿ. ತುಳಸಿಯ ಒಣಗಿದ ಮಂಜರಿಯನ್ನು ಚಿವುಟಿದರೆ ಸಾಕು, ಬೀಜವನ್ನು ಕಟ್ಟೆಯಲ್ಲೇ ಉದುರಿಸಿ.

ಮಾವು ಈಗ ಹೂವಿನಲ್ಲಿರುತ್ತದೆ, ನುಗ್ಗೆ ಹೂವು ಕಾಯಿ ಎರಡರಲ್ಲೂ ಇರುತ್ತದೆ, ಇವನ್ನು ಮುಟ್ಟಬೇಡಿ. ನಿಂಬೆಗೆ ಬುಡದಿಂದ ನೆಟ್ಟಗೆ ಏಳುವ ಮುಳ್ಳಿನ ಕುಡಿಗಳನ್ನು ಮಾತ್ರ ತೆಗೆದು, ನೀರು ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಮಣ್ಣು ಏರಿಸಿ, ಅದರಾಚೆ ಉಂಗುರದಂತೆ ಪಾತಿ ಮಾಡಬೇಕು. ಕಾಂಡಕ್ಕೆ ಸದಾ ನೀರು ತಾಗಿದರೆ ಅಂಟು ಒಸರಿ ಗಿಡ ಸಾಯುತ್ತದೆ. ಕತ್ತರಿಸಿದ್ದರಿಂದ ಬಿಸಿಲಿಗೆ ತೆರೆದುಕೊಂಡ ದಪ್ಪ ಕಾಂಡಗಳಿಗೆ ತಿಳಿಯಾದ ಸುಣ್ಣ ಬಳಿದರೆ ತೊಗಟೆ ಸುಡುವುದು ತಪ್ಪುತ್ತದೆ.

ಬಿತ್ತನೆ: ಭಾರತ ಹುಣ್ಣಿಮೆಯ ಸುತ್ತಮುತ್ತ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಬೀಜದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಬೆಂಡೆ, ಹೀರೆ, ಸೌತೆಯ ಬೀಜಗಳು ತಣ್ಣನೆಯ ಮಣ್ಣಿನಲ್ಲಿ ಮೊಳೆಯದೆ ಕೊಳೆಯುತ್ತವೆ. ಜನವರಿಯ ರಾತ್ರಿಗಳು ಅವಕ್ಕೆ ಒಗ್ಗುವುದಿಲ್ಲ, ಮಾರ್ಚ್ ಅರ್ಧ ಕಳೆದ ಮೇಲೆ ಬಿತ್ತಿದರೆ ಬೇರಿಳಿಯಲು ಸಮಯ ಸಾಲದು. ಭಾರತ ಹುಣ್ಣಿಮೆಯಿಂದ (ಮಾಘದ ಹುಣ್ಣಿಮೆ) ಶಿವರಾತ್ರಿಯವರೆಗಿನ ಹದಿನೈದು ದಿನ ನಮ್ಮ ಕಡೆ ಬೇಸಿಗೆ ತರಕಾರಿಯ ಬಿತ್ತನೆಗೆ ಹೇಳಿ ಮಾಡಿಸಿದಂತಿದೆ. ಆದರೆ ಅಧಿಕ ಮಾಸದಿಂದಾಗಿ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುವುದರಿಂದ, ಫೆಬ್ರವರಿ 5ರಿಂದ 28ರವರೆಗೆ ಎಂದು ತಾರೀಖಿನಲ್ಲಿ ನೆನಪಿಟ್ಟುಕೊಳ್ಳುವುದು ಕ್ಷೇಮ.

ಬೀಜ ಹಳೆಯದಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗೆ ಇಟ್ಟು ನೋಡಿ. ವಾರದೊಳಗೆ ಏಳೆಂಟು ಮೊಳೆತರೆ ಬಿತ್ತಬಹುದು, ಐದಕ್ಕಿಂತ ಕಡಿಮೆಯಾದರೆ ಹೊಸ ಬೀಜ ತನ್ನಿ.

ಮೊದಲ ವರ್ಷಕ್ಕೆ ಬೆಂಡೆಗಿಂತ ಉತ್ತಮ ಗುರು ಇಲ್ಲ. ಬೀಜವನ್ನು ರಾತ್ರಿಯಿಡೀ ನೆನೆಸಿ, ಒಂದು ಅಂಗುಲ ಆಳಕ್ಕೆ, ಗಿಡದಿಂದ ಗಿಡಕ್ಕೆ ಒಂದು ಅಡಿ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಟ್ಟು, ಒಂದೊಂದು ಕಡೆ ಎರಡು ಕಾಳಿನಂತೆ ಊರಬೇಕು. ಎರಡೂ ಮೊಳೆತರೆ ಸೊರಗಿದ್ದನ್ನು ಕೀಳದೆ ಬುಡದಲ್ಲಿ ಕತ್ತರಿಸಿ, ಕಿತ್ತರೆ ಉಳಿದದ್ದರ ಬೇರು ಅಲುಗುತ್ತದೆ. ಬೇಸಿಗೆಯಲ್ಲಿ ಬಿಳಿನೊಣದಿಂದ ಹರಡುವ ಹಳದಿ ನರದ ರೋಗ ಬೆಂಡೆಯನ್ನು ಹಾಳು ಮಾಡುವುದರಿಂದ ಅದನ್ನು ತಾಳಿಕೊಳ್ಳುವ ತಳಿ ಆರಿಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಅಂಥದ್ದು. ನಲವತ್ತೈದು ಐವತ್ತು ದಿನಕ್ಕೆ ಕಾಯಿ ಶುರುವಾಗುತ್ತದೆ. ಆ ಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು, ಒಂದು ಕಾಯಿ ಬಲಿತರೂ ಗಿಡ ಹೊಸ ಹೂವಿನ ಕಡೆ ಉದಾಸೀನ ಮಾಡುತ್ತದೆ.

ಬೆಂಡೆಯ ಜೊತೆಗೆ ಬಿಸಿಲಿಗೆ ಅಂಜದವು ಚವಳಿಕಾಯಿ (ಗೋರಿಕಾಯಿ), ಪುಂಡಿಪಲ್ಲೆ, ರಾಜಗಿರಿ ಮತ್ತು ಬಸಳೆ. ರಾಜಗಿರಿಯ ಬೀಜ ಸಾಸಿವೆಗಿಂತ ಸಣ್ಣದು, ನಾಲ್ಕು ಪಾಲು ಮರಳಿನಲ್ಲಿ ಬೆರೆಸಿ ಉದುರಿಸಿ, ಮೇಲೆ ಉಗುರಿನ ದಪ್ಪದಷ್ಟೇ ಮಣ್ಣು ಹಾಕಿ. ಒಂದೇ ದಿನ ಪೂರ್ತಿ ಮಡಿ ಬಿತ್ತದೆ ಹತ್ತು ದಿನಕ್ಕೊಂದು ಮೊಳ ಬಿತ್ತಿದರೆ ಪಲ್ಲೆ ಸರದಿಯಲ್ಲಿ ಸಿಗುತ್ತದೆ. ಮೆಂತ್ಯ ಮತ್ತು ಕೊತಂಬರಿ ಫೆಬ್ರವರಿಯೊಳಗೆ ಬಿತ್ತಿದ್ದು ಮಾತ್ರ ಕೈಗೆ ಹತ್ತುತ್ತದೆ, ಬಿಸಿಲು ಏರಿದ ಮೇಲೆ ಕೊತಂಬರಿ ಎಲೆ ಬಿಡುವ ಬದಲು ಹೂವಿಗೇರುತ್ತದೆ. ಟೊಮೆಟೊ ಬೇಕೇ ಬೇಕೆಂದರೆ ಸಂಕ್ರಾಂತಿಗೇ ಬೀಜ ಹಾಕಿ ಫೆಬ್ರವರಿಯ ಮಧ್ಯದಲ್ಲಿ ನಾಟಿ ಮಾಡಿ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಾದಾಗ ಅದರ ಹೂ ಉದುರುತ್ತದೆ ಎಂಬುದನ್ನು ಮರೆಯಬೇಡಿ. ಮುಳಗಾಯಿಗೆ (ಬದನೆಗೆ) ತಾಳ್ಮೆ ಹೆಚ್ಚು, ಎಣ್ಣೆಗಾಯಿಗೆ ಆಗುವಷ್ಟು ಕಾಯಿ ನಾಲ್ಕು ಗಿಡದಲ್ಲೇ ಸಿಗುತ್ತದೆ.

ಬಳ್ಳಿಗಳಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು, ಅರ್ಧ ಗೊಬ್ಬರ ಅರ್ಧ ಮೇಲ್ಮಣ್ಣು ತುಂಬಿ, ನಾಲ್ಕು ಬೀಜ ಊರಿ, ಕೊನೆಗೆ ಎರಡು ಬಳ್ಳಿ ಉಳಿಸಿಕೊಳ್ಳಿ. ಹೀರೆ, ಸೋರೆ, ಹಾಗಲ ಯಾವುದಕ್ಕೇ ಆದರೂ ಮೊದಲು ಬರುವುದು ಗಂಡು ಹೂವುಗಳು, ಅವು ಉದುರಿದ್ದಕ್ಕೆ ಗಾಬರಿ ಬೇಡ. ಹೂವಿನ ಹಿಂದೆ ಎಳೆಗಾಯಿಯ ಆಕಾರವಿದ್ದರೆ ಅದು ಹೆಣ್ಣು. ಹೆಣ್ಣು ಹೂ ಬಂದರೂ ಕಾಯಿ ಹಳದಿಯಾಗಿ ಉದುರಿದರೆ ದುಂಬಿಗಳು ಸಾಲದಾಗಿವೆ ಎಂದರ್ಥ. ಆಗ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ತಾಗಿಸಬೇಕು. ಹೊತ್ತು ಮಾತ್ರ ಬೇರೆ ಬೇರೆ: ಸೌತೆ, ಹಾಗಲದ ಹೂ ಬೆಳಿಗ್ಗೆ ಅರಳುತ್ತವೆ, ಹೀರೆ ಮತ್ತು ಸೋರೆಯವು ಸಂಜೆ. ಹೀರೆಬಳ್ಳಿಯ ಮುಂದೆ ಬೆಳಿಗ್ಗೆ ಎಂಟಕ್ಕೆ ಕುಂಚ ಹಿಡಿದು ನಿಂತು ನಾನೊಂದು ವರ್ಷ ಕಾಲ ಕಳೆದಿದ್ದೇನೆ.

ಕುಂಡ ಮತ್ತು ಮಾಳಿಗೆ

ಹಿತ್ತಲು ಇಲ್ಲದವರು ಮಹಡಿಯ ಮೇಲೆ ಬೆಳೆಯಬಹುದು, ಆದರೆ ಅದು ಸಿಮೆಂಟಿನ ಗಟ್ಟಿ ಛಾವಣಿಯಾಗಿರಬೇಕು. ಹಳೆಯ ಓಣಿಗಳ ಮಣ್ಣಿನ ಮಾಳಿಗೆಯ ಮೇಲೆ ಒಂದು ಕುಂಡವನ್ನೂ ಇಡಬೇಡಿ. ಇಪ್ಪತ್ತು ಲೀಟರಿನ ಒಂದು ಬಕೆಟ್ ಹಸಿ ಮಣ್ಣು ಸುಮಾರು 30 ಕಿಲೊ ತೂಗುತ್ತದೆ, ಸೋರಿದ ನೀರು ಜಂತಿಯನ್ನು ಕೊಳೆಸುತ್ತದೆ. ಕುಂಡಕ್ಕೆ ಬರಿಯ ಎರೆಮಣ್ಣು ತುಂಬಬಾರದು, ಅದು ಒಣಗಿ ಕುಗ್ಗಿದಾಗ ಕುಂಡದ ಗೋಡೆಯಿಂದ ಬಿಟ್ಟುಕೊಂಡು, ಹಾಕಿದ ನೀರೆಲ್ಲ ಸಂದಿಯಿಂದ ಇಳಿದುಹೋಗುತ್ತದೆ. ಎರಡು ಪಾಲು ಮಸಾರಿ, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿ. ಕಪ್ಪು ಬಣ್ಣದ ಕುಂಡಗಳಿಗೆ ಹೊರಗಿನಿಂದ ಸುಣ್ಣ ಬಳಿಯಿರಿ ಅಥವಾ ಗೋಣಿಚೀಲ ಸುತ್ತಿರಿ. ಕಾದ ಛಾವಣಿಗೆ ತಳ ತಾಗದಂತೆ ಎರಡು ಇಟ್ಟಿಗೆಯ ಮೇಲೆ, ಒಂದಕ್ಕೊಂದು ಒತ್ತಿಕೊಂಡಂತೆ ಗುಂಪಾಗಿ ಇಟ್ಟರೆ ಅವು ತಮ್ಮ ತಮ್ಮಲ್ಲೇ ನೆರಳು ಹಂಚಿಕೊಳ್ಳುತ್ತವೆ.

ನೀರಿನ ಲೆಕ್ಕ, ಹೊದಿಕೆ, ನೆರಳು

ತೋಟ ಎಷ್ಟು ದೊಡ್ಡದಿರಬೇಕೆಂಬುದನ್ನು ಜಾಗ ನೋಡಿ ಅಲ್ಲ, ನೀರು ನೋಡಿ ನಿರ್ಧರಿಸಬೇಕು. 1620ರಲ್ಲಿ ತಾಜ್ ಬಾವಡಿಯೆಂಬ ದೊಡ್ಡ ಬಾವಿ ಕಟ್ಟಿಸಿಕೊಂಡ ಊರಿಗೆ ಈ ಲೆಕ್ಕ ಹೊಸದಲ್ಲ. ಏಪ್ರಿಲ್ ಬಿಸಿಲಿನಲ್ಲಿ ತರಕಾರಿ ಮಡಿ ಚದರ ಮೀಟರಿಗೆ ದಿನಕ್ಕೆ ಸುಮಾರು 6ರಿಂದ 8 ಲೀಟರ್ ಕುಡಿಯುತ್ತದೆ, ಗಿಡ ಬೆಳೆಸುವ ಒಂದು ಅಡಿಯ ಚೀಲ ಸುಮಾರು 2 ಲೀಟರ್. ಹತ್ತು ಚದರ ಮೀಟರ್ ಮಡಿಯೆಂದರೆ ದಿನಕ್ಕೆ 70 ಲೀಟರ್, ಅಂದರೆ ಹೆಚ್ಚು ಕಡಿಮೆ ಐದು ಕೊಡ. ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಾದರೆ ಗಿಡಗಳಿಗೆಂದೇ 280 ಲೀಟರ್ ಕೂಡಿಡಲು ಟಾಕಿ ಬೇಕು. ಅಷ್ಟು ಇಲ್ಲದಿದ್ದರೆ ಮಡಿಯನ್ನು ಅರ್ಧಕ್ಕೆ ಇಳಿಸಿ. ಫೆಬ್ರವರಿಯಲ್ಲಿ ಸಣ್ಣದೆನಿಸಿದ ತೋಟ ಮೇ ತಿಂಗಳಲ್ಲಿ ಸಣ್ಣದೆನಿಸುವುದಿಲ್ಲ.

ಅಕ್ಕಿ, ಬೇಳೆ, ಪಲ್ಲೆ ತೊಳೆದ ನೀರನ್ನು ಧಾರಾಳವಾಗಿ ಬಳಸಬಹುದು, ಸಾಬೂನಿನ ನೀರು ಬೇಡ. ಬೋರಿನ ನೀರು ಸವಳಾಗಿದ್ದರೆ ಎಲೆಯ ತುದಿ ಸುಟ್ಟಂತಾಗುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಇಂಥ ನೀರಿಗೆ ಬೀನ್ಸ್ ಮೊದಲು ಸೋಲುತ್ತದೆ, ಪಾಲಕ್ ಮತ್ತು ಬೀಟ್ರೂಟ್ ತಕ್ಕಮಟ್ಟಿಗೆ ತಾಳುತ್ತವೆ. ತಿಂಗಳಿಗೊಮ್ಮೆ ಸಿಹಿನೀರು ಸಿಕ್ಕ ದಿನ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ಉಪ್ಪನ್ನು ತೊಳೆಯಬೇಕು.

ನೀರು ಹಾಕುವ ಹೊತ್ತು ಬೆಳಿಗ್ಗೆ ಎಂಟರೊಳಗೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಹರಡಿ ಏಪ್ರಿಲಿನಲ್ಲಿ ಬೇಯುತ್ತದೆ. ಸಸಿ ಹಿಡಿದುಕೊಂಡ ಮೇಲೆ, ಫೆಬ್ರವರಿ-ಮಾರ್ಚಿನಲ್ಲಿ ಬೇಕೆಂದೇ ಎರಡು ಮೂರು ದಿನಕ್ಕೊಮ್ಮೆ ಗೇಣು ಆಳಕ್ಕೆ ಇಳಿಯುವಂತೆ ಕೊಡಿ. ಮೇಲಿನ ಪದರ ಒಣಗಿದಾಗ ಬೇರು ನೀರು ಹುಡುಕಿಕೊಂಡು ಕೆಳಗಿಳಿಯುತ್ತದೆ. ಬೆರಳನ್ನು ಎರಡು ಅಂಗುಲ ತೂರಿಸಿ ನೋಡಿ, ಅಲ್ಲಿ ತಂಪಿದ್ದರೆ ಆ ದಿನ ನೀರು ಬೇಡ. ಮಧ್ಯಾಹ್ನ ಹೀರೆಯ ಎಲೆ ಜೋತು ಬಿದ್ದರೂ ಅವಸರ ಬೇಡ, ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ಆಟ. ಬೆಳಿಗ್ಗೆಯೂ ಜೋತಿದ್ದರೆ ಮಾತ್ರ ಬಾಯಾರಿಕೆ.

ಗುಣಿಗಳ ನಡುವೆ ಮಣ್ಣಿನ ಗಡಿಗೆ ಹೂಳುವುದು ಹಳೆಯ, ಅಗ್ಗದ ಉಪಾಯ. ಹೊಳಪು ಬಳಿಯದ ಐದು ಲೀಟರಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ತಳಕ್ಕೆ ತೂತು ಮಾಡದೆ, ನೀರು ತುಂಬಿ ಮುಚ್ಚಳ ಹಾಕಿದರೆ ಸುತ್ತಲಿನ ಮಣ್ಣು ಒಣಗಿದಷ್ಟೇ ನೀರನ್ನು ಅದು ಒಸರುತ್ತದೆ. ಸುತ್ತ ನಾಲ್ಕು ಬಳ್ಳಿ ಹಬ್ಬಿಸಬಹುದು, ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಗಡಸು ನೀರಿನಿಂದ ಅದರ ರಂಧ್ರಗಳು ಕಟ್ಟಿಕೊಳ್ಳುವುದರಿಂದ ಹಂಗಾಮು ಮುಗಿದ ಮೇಲೆ ತೆಗೆದು ತೆಂಗಿನ ನಾರಿನಿಂದ ಉಜ್ಜಬೇಕು.

ಹೊದಿಕೆಯ ಸಾಮಗ್ರಿ ಈ ಕಾಲಕ್ಕೆ ತಾನಾಗಿ ಒದಗುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿದು ದನ ತಿಂದುಳಿದ ಕಣಿಕೆಯ ಚೂರು, ಬಾಗಲಕೋಟೆ-ಬೆಳಗಾವಿಯ ಕಡೆ ಕಬ್ಬಿನ ರವದಿ (ಒಣ ಸೋಗೆ), ಶೇಂಗಾ ಸಿಪ್ಪೆ, ಬೇವಿನ ಒಣ ಎಲೆ ಯಾವುದಾದರೂ ಆದೀತು. ರವದಿಗೆ ಬೆಂಕಿ ಹಚ್ಚುವ ರೈತರನ್ನು ಕೇಳಿದರೆ ಎರಡು ಚೀಲ ಸಂತೋಷದಿಂದಲೇ ಕೊಡುತ್ತಾರೆ. ಸಸಿಗಳು ಗೇಣುದ್ದ ಆದ ಮೇಲೆ, ನೀರು ಹಾಕಿದ ಮರುದಿನ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡಿ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ. ಒಣ ಮಣ್ಣಿನ ಮೇಲೆ ಹೊದಿಸಿದರೆ ಒಣತನವನ್ನೇ ಕಾಪಾಡಿದಂತಾಗುತ್ತದೆ. ಹೊದಿಕೆಯ ಕೆಳಗೆ ಎರೆಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ. ಬಿರುಕು ಬಿಡುವಾಗ ಸಣ್ಣ ಬೇರುಗಳು ಹರಿದುಹೋಗುವುದನ್ನು ತಪ್ಪಿಸುವುದೇ ಇದರ ದೊಡ್ಡ ಉಪಕಾರ.

ಹಸಿರು ನೆರಳು ಬಲೆಯನ್ನು ಹೋಳಿ ಹುಣ್ಣಿಮೆಯ ಹೊತ್ತಿಗೆ ತಂದಿಟ್ಟುಕೊಳ್ಳಿ, ಕಟ್ಟುವುದು ಮಾರ್ಚ್ ಕೊನೆಯಲ್ಲಿ. ಶೇಕಡ 50ರಷ್ಟು ನೆರಳು ಕೊಡುವ ಬಲೆ ಸಾಕು, 75ರದ್ದು ತಂದರೆ ಬೆಂಡೆ ಬಡಕಲಾಗಿ ಉದ್ದಕ್ಕೆ ಬೆಳೆಯುತ್ತದೆ. ಏಳು ಅಡಿ ಎತ್ತರದಲ್ಲಿ, ಪಶ್ಚಿಮದ ಕಡೆ ಇಳಿಬಿಟ್ಟು ಕಟ್ಟಿ, ಪೂರ್ವದ ಬದಿಯನ್ನು ಬೆಳಗಿನ ಬಿಸಿಲಿಗೆ ತೆರೆದಿಡಿ.

ಹುಳದ ಸಂಗತಿ

ದಿನಾ ಬೆಳಿಗ್ಗೆ ಎಲೆ ತಿರುವಿ ನೋಡುವ ಅಭ್ಯಾಸವೇ ಅರ್ಧ ಔಷಧ. ನಿಂಬೆಯ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು, ಕೈಯಿಂದ ಆರಿಸಿ. ಬಳ್ಳಿಯ ಎಳೆ ಎಲೆಯನ್ನು ತೂತು ಮಾಡುವ ಕೆಂಪು ದುಂಬಿಗೆ ಇಬ್ಬನಿಯಿರುವಾಗ ಬೂದಿ ಉದುರಿಸಿ. ಹಿಟ್ಟು ತಿಗಣೆ, ಸಸ್ಯಹೇನುಗಳಿಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಕರಗಲು ಒಂದೆರಡು ಹನಿ ಸಾಬೂನು ದ್ರಾವಣ ಸೇರಿಸಿ ಸಂಜೆ ಸಿಂಪಡಿಸಬೇಕು. ಇದನ್ನು ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಯೇ ಸುಡುತ್ತದೆ. ಮಾರ್ಚಿನ ಒಣಹವೆಯಲ್ಲಿ ಎಲೆಯ ಕೆಳಗೆ ಸಣ್ಣ ಬಲೆ ಕಟ್ಟುವ ನುಸಿಗೆ ಬೆಳಿಗ್ಗೆ ಜೋರಾಗಿ ನೀರು ಹೊಡೆಯುವುದೇ ಮೊದಲ ಮದ್ದು.

ಯುಗಾದಿಯ ನಂತರ ಹೊಸದಾಗಿ ಏನನ್ನೂ ನೆಡಬೇಡಿ, ನೆಂಟರು ಪ್ರೀತಿಯಿಂದ ಕೊಟ್ಟ ಸಸಿಯನ್ನು ಸಹ ಚೀಲದಲ್ಲಿಯೇ ಮರದ ನೆರಳಿನಲ್ಲಿ ಇಟ್ಟು ಕಾಯಿರಿ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಕೂಡುತ್ತದೆ. ಅದು ಬರುವುದು ಗಾಳಿ, ಗುಡುಗು, ಕೆಲವೊಮ್ಮೆ ಆಲಿಕಲ್ಲಿನ ಜೊತೆಗೆ. ಆದ್ದರಿಂದ ಆ ವಾರದೊಳಗೆ ನೆರಳು ಬಲೆಯ ಹಗ್ಗಗಳನ್ನು ಬಿಗಿ ಮಾಡಿ, ಹೀರೆಯ ಚಪ್ಪರದ ಗೂಟಗಳನ್ನು ಮತ್ತೊಂದು ಮೊಳ ಆಳಕ್ಕೆ ಇಳಿಸಿ, ತಗ್ಗು ಮಡಿಯ ಬದುವಿಗೆ ನೀರು ಹೊರಹೋಗಲು ಒಂದು ಕಡೆ ಬಾಯಿ ತೆರೆದಿಡಿ.